ಹಾರ್ನ್, ಎಲ್‌ಇಡಿ, ಸೈಲೆನ್ಸರ್, ಕನ್ನಡಿ: ಓವರ್‌ಟೇಕ್ ಮಾಡುವವರು ಯಾವುದಕ್ಕೆ ದುಡ್ಡು ಹಾಕಬೇಕು?

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯವರೆಗೆ ಬೈಕಿನ ಬಿಡಿ ಸಾಮಾನು ಮಾರುವ ಕಡೆಯೆಲ್ಲ ಎದುರಿಗೇ ನೇತು ಹಾಕಿರುವುದು ಮೂರು ವಸ್ತು: ಜೋರು ಹಾರ್ನ್, ಎಲ್‌ಇಡಿ ದೀಪ, ಸದ್ದಿನ ಸೈಲೆನ್ಸರ್. ಮೂರಕ್ಕೂ ಮಾರಾಟದ ಮಾತು ಹೆಚ್ಚುಕಮ್ಮಿ ಒಂದೇ: 'ಮುಂದಿರೋರು ತಾವಾಗೇ ಸೈಡ್ ಕೊಡ್ತಾರೆ.' ಕನ್ನಡಿ ಮಾತ್ರ ಒಳಗಿನ ಕಪಾಟಿನಲ್ಲಿರುತ್ತದೆ, ಕೇಳಿದರೆ ತೆಗೆದು ತೋರಿಸುತ್ತಾರೆ. ಈ ನಾಲ್ಕನ್ನೂ ಇಲ್ಲಿ ಓವರ್‌ಟೇಕ್ ಆಗುವವರ ಕಡೆಯಿಂದ ನೋಡಿದ್ದೇವೆ. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟರ್ ಓಡಿಸುವ ತಾಯಿ, ಎರಡೂ ಬದಿ ಹಾಲಿನ ಕ್ಯಾನ್ ಕಟ್ಟಿದ ಟಿವಿಎಸ್ ಎಕ್ಸೆಲ್, ಎಡ ಅಂಚಿನಲ್ಲಿ ಹೋಗುವ ಸೈಕಲ್ಲು, ಬಸ್ಸಿನಿಂದ ಇಳಿಯುತ್ತಿರುವ ಅಜ್ಜ: ಇವರಿಗೆ ತೊಂದರೆ ಕೊಡುವ ವಸ್ತು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದಕ್ಕೆ ಒಳ್ಳೆಯ ಅಂಕ ಸಿಗುವುದಿಲ್ಲ.

ಮೊದಲು ಹಾರ್ನ್. ಬೈಕಿಗೆ ಹೆಚ್ಚಾಗಿ ಹಾಕಿಸುವುದು ಬಸವನಹುಳುವಿನ ಆಕಾರದ ವಿಂಡ್‌ಟೋನ್ ಜೋಡಿ, ಒಂದು ಹೈ, ಇನ್ನೊಂದು ಲೋ. ಒಳ್ಳೆಯ ಕಂಪನಿಯ ಜೋಡಿಯ ಸ್ವರ ತುಂಬಿಕೊಂಡಿರುತ್ತದೆ, ಕಿವಿಗೆ ಚುಚ್ಚುವುದಿಲ್ಲ. ಹೆದ್ದಾರಿಯಲ್ಲಿ ಲಾರಿ ಕ್ಯಾಬಿನ್ನಿನೊಳಗೂ ಕೇಳಿಸುತ್ತದೆ. ತಾಪತ್ರಯ ಶುರುವಾಗುವುದು ವೈರಿಂಗ್‌ನಲ್ಲಿ. ಜೋಡಿ ಸೇರಿ 8ರಿಂದ 10 ಆಂಪಿಯರ್ ಎಳೆಯುತ್ತದೆ, ಬೈಕಿನ ಮೂಲ ಹಾರ್ನ್ ಸ್ವಿಚ್ಚಿಗೆ ಅಷ್ಟು ತಾಳಿಕೆ ಇಲ್ಲ. ರಿಲೇ, ಅಂದರೆ ಸ್ವಿಚ್ಚಿನ ಬದಲು ದೊಡ್ಡ ಕರೆಂಟನ್ನು ತಾನು ಹೊರುವ ಪುಟ್ಟ ಪೆಟ್ಟಿಗೆ, ಇಲ್ಲದೆ ನೇರ ಕೊಟ್ಟರೆ ಕೆಲವೇ ವಾರಗಳಲ್ಲಿ ಸ್ವಿಚ್ಚಿನ ಪಾಯಿಂಟ್ ಕರಕಲಾಗಿ, ಬೇಕಾದ ಹೊತ್ತಿಗೆ ಹಾರ್ನ್ ಬಾಯಿ ಬಿಡುವುದಿಲ್ಲ. ಸರಿಯಾದ ಕ್ರಮ ಹೀಗೆ: ಹಳೆಯ ಹಾರ್ನಿಗೆ ಬರುತ್ತಿದ್ದ ಎರಡು ವೈರನ್ನು ರಿಲೇಯಲ್ಲಿ 85 ಮತ್ತು 86 ಎಂದು ಬರೆದ ಪಿನ್ನುಗಳಿಗೆ ಕೊಡಿ. ಬ್ಯಾಟರಿಯ ಪ್ಲಸ್‌ನಿಂದ 15 ಆಂಪಿಯರ್ ಫ್ಯೂಸ್ ದಾಟಿಸಿ 30ಕ್ಕೆ. 87ರಿಂದ ಎರಡೂ ಹಾರ್ನಿಗೆ, ಹಾರ್ನಿನ ಇನ್ನೊಂದು ತುದಿ ಬ್ಯಾಟರಿ ಮೈನಸ್‌ಗೆ. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವಿರಲಿ. ಹಾರ್ನಿನ ಬಾಯಿ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ನೀರು ನಿಂತು ದನಿ ಕಟ್ಟಿಕೊಳ್ಳುತ್ತದೆ.

ಇಷ್ಟೆಲ್ಲ ಸರಿಯಾಗಿ ಹಾಕಿಸಿದ ಮೇಲೂ ಈ ಹಾರ್ನ್ ಊರೊಳಗೆ ಅಪಾಯವೇ. ಬೆನ್ನ ಹಿಂದೆ ಐದು ಮೀಟರಿನಲ್ಲಿ ಲಾರಿಯಂಥ ಸದ್ದು ಕೇಳಿದ ಸ್ಕೂಟರ್ ಸವಾರರು ಮೊದಲು ಮಾಡುವ ಕೆಲಸ ತಲೆ ತಿರುಗಿಸುವುದು. ನಮ್ಮಲ್ಲಿ ಹಿಂದಿನವರು ಬಲಗಡೆಯಿಂದ ಬರುತ್ತಾರೆಂದು ಎಲ್ಲರಿಗೂ ಗೊತ್ತು, ಹಾಗಾಗಿ ತಲೆ ಬಲಕ್ಕೆ ತಿರುಗುತ್ತದೆ. ತಲೆಯ ಜೊತೆ ಭುಜ, ಭುಜದ ಜೊತೆ ಹ್ಯಾಂಡಲ್. ಅಂದರೆ ನೀವು ನುಗ್ಗಬೇಕೆಂದಿದ್ದ ಜಾಗಕ್ಕೇ ಅವರನ್ನು ನೀವೇ ಎಳೆದು ತಂದಿರಿ. ಹಾರ್ನ್ ಕೊಡುವುದಾದರೆ 30–40 ಮೀಟರ್ ಹಿಂದಿನಿಂದ, ಒಂದೇ ಸಲ, ಚಿಕ್ಕದಾಗಿ. ಅವರಿಗಿಂತ ಗಂಟೆಗೆ 20 ಕಿ.ಮೀ. ಹೆಚ್ಚು ವೇಗದಲ್ಲಿದ್ದರೆ 30 ಮೀಟರ್ ಮುಚ್ಚಲು ಐದು ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಅವರು ನೋಡಿ, ಅರ್ಥ ಮಾಡಿಕೊಂಡು, ಹ್ಯಾಂಡಲ್ ನೆಟ್ಟಗೆ ಮಾಡಿಕೊಂಡಿರುತ್ತಾರೆ. ಪಕ್ಕಕ್ಕೆ ಬಂದ ಮೇಲೆ ಹಾರ್ನ್ ಒತ್ತುವುದು ಬೆದರಿಕೆ. ರಾಗ ಬದಲಾಯಿಸುವ ಮ್ಯೂಸಿಕಲ್ ಹಾರ್ನ್, ಕಿರುಚುವ ಪ್ರೆಶರ್ ಹಾರ್ನ್‌ಗಳನ್ನು ಕೇಂದ್ರ ಮೋಟಾರು ವಾಹನ ನಿಯಮ 119 ಕೂಡದು ಎನ್ನುತ್ತದೆ. ಅನಗತ್ಯವಾಗಿ, ಬಿಡದೆ ಹಾರ್ನ್ ಬಾರಿಸಿದರೆ ಮೋಟಾರು ವಾಹನ ಕಾಯ್ದೆಯ 194ಎಫ್ ಪ್ರಕಾರ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000. ಘಾಟಿಯ ಕುರುಡು ತಿರುವುಗಳಲ್ಲಿ ಓಡಾಡುವವರಿಗೆ ವಿಂಡ್‌ಟೋನ್ ಉಪಯೋಗಕ್ಕೆ ಬರುತ್ತದೆ. ಊರೊಳಗೇ ಓಡಾಡುವವರಿಗೆ ಮೂಲ ಹಾರ್ನೇ ಸಾಕು.

ಎಲ್‌ಇಡಿ ವಿಷಯದಲ್ಲಿ ಸಿಟ್ಟು ತಡೆದುಕೊಳ್ಳುವುದು ಕಷ್ಟ. ಇದರಿಂದ ತೊಂದರೆಪಡುವವರ ಲೆಕ್ಕವೇ ಸಿಗುವುದಿಲ್ಲ. 40 ವ್ಯಾಟ್ ಎಂದು ಮಾರುವ ಎರಡು ದೀಪ ನಿಜಕ್ಕೂ ಅಷ್ಟು ಎಳೆದರೆ ಒಟ್ಟು 80 ವ್ಯಾಟ್, 12 ವೋಲ್ಟ್‌ನಲ್ಲಿ ಆರೂವರೆ ಆಂಪಿಯರ್. ಚಿಕ್ಕ ಬೈಕು ಸಿಗ್ನಲ್ಲಿನಲ್ಲಿ ಐಡ್ಲಿಂಗ್‌ನಲ್ಲಿ ನಿಂತಾಗ ಅಷ್ಟು ಕರೆಂಟ್ ಹುಟ್ಟುವುದಿಲ್ಲ, ಬ್ಯಾಟರಿ ಕರಗುತ್ತಾ ಹೋಗುತ್ತದೆ. ಅದು ಕೊಂಡವರ ನಷ್ಟ ಎಂದು ಬಿಡಬಹುದು. ಕಟ್-ಆಫ್ (ಬೆಳಕು ಮೇಲೇರದಂತೆ ತಡೆಯುವ ಗಡಿ) ಇಲ್ಲದ, ಸುತ್ತಲೂ ಚೆಲ್ಲುವ ದೀಪ ಎದುರಿನವರ ಕಣ್ಣಿಗೆ ನೇರ ಬೀಳುತ್ತದೆ, ಅವರಿಗೆ ಕೆಲವು ಸೆಕೆಂಡು ರಸ್ತೆಯೇ ಕಾಣುವುದಿಲ್ಲ. ಮುಂದಿನ ಕಾರಿನವರಿಗೆ ಕನ್ನಡಿ ತುಂಬ ಬಿಳಿ ಬೆಳಕು. ಅವರು ಒಳಗಿನ ಕನ್ನಡಿಯನ್ನು ರಾತ್ರಿಯ ಮೋಡ್‌ಗೆ ಮಡಚುತ್ತಾರೆ ಅಥವಾ ನೋಡುವುದನ್ನೇ ಬಿಡುತ್ತಾರೆ. ಕಾಣಿಸಿಕೊಳ್ಳಲೆಂದು ಹಾಕಿಸಿದ ದೀಪದಿಂದಲೇ ನೀವು ಅವರ ಲೆಕ್ಕದಿಂದ ಮಾಯವಾದಿರಿ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ವಿರುದ್ಧ ವಿಶೇಷ ಕಾರ್ಯಾಚರಣೆ ನಡೆಸಿದ್ದು ಇದೇ ಕಾರಣಕ್ಕೆ.

ಮಲೆನಾಡಿನ ಮಂಜು, ಬೀದಿದೀಪವಿಲ್ಲದ ಹಳ್ಳಿ ರಸ್ತೆ ಎಂದು ದೀಪ ಬೇಕೇ ಬೇಕೆನ್ನುವವರಿಗೆ ಒಂದು ಪರೀಕ್ಷೆ. ಟೈರಿನಲ್ಲಿ ಸರಿಯಾದ ಗಾಳಿಯಿರಲಿ, ಸವಾರ ಮೇಲೆ ಕೂತಿರಲಿ, ಬೈಕು ನೆಟ್ಟಗಿರಲಿ. ಗೋಡೆಯಿಂದ 5 ಮೀಟರ್ ದೂರದಲ್ಲಿ ನಿಲ್ಲಿಸಿ, ಹೆಡ್‌ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಲೋ ಬೀಮಿನ ಬೆಳಕಿನ ಮೇಲಂಚು ಆ ಗೆರೆಗಿಂತ ಕನಿಷ್ಠ 5 ಸೆಂ.ಮೀ. ಕೆಳಗಿರಬೇಕು. ಹೆಚ್ಚುವರಿ ದೀಪ ಹೆಡ್‌ಲೈಟಿಗಿಂತ ಕೆಳಗೆ ಕೂರಬೇಕು, ಬೆಳಕು ಇನ್ನೂ ಕೆಳಗೆ, ಸ್ವಲ್ಪ ಎಡಕ್ಕೆ ಬೀಳಬೇಕು, ಸ್ವಿಚ್ ಬೇರೆಯೇ ಇರಬೇಕು. ಹಿಂದೆ ಒಬ್ಬರು ಕೂತ ಕೂಡಲೇ ಹಿಂಭಾಗ ತಗ್ಗಿ ಬೆಳಕು ಮೇಲೇಳುತ್ತದೆ. ಹಿಂದಿನ ಶಾಕ್‌ನ ಪ್ರಿಲೋಡನ್ನು, ಅಂದರೆ ಸ್ಪ್ರಿಂಗಿನ ಬಿಗಿತವನ್ನು, ಒಂದೆರಡು ಹಲ್ಲು ಬಿಗಿ ಮಾಡಬೇಕು. ಇನ್ನು ಓವರ್‌ಟೇಕಿಗೆ ಬೇಕಾದ ದೀಪ ಆಗಲೇ ಬೈಕಿನಲ್ಲಿದೆ: ಎಡಗೈಯ ತೋರುಬೆರಳಿನ ಹತ್ತಿರದ, ಹೈ ಬೀಮನ್ನು ಕ್ಷಣ ಮಿನುಗಿಸುವ ಪಾಸ್ ಸ್ವಿಚ್. ಹಗಲಿನಲ್ಲಿ ಲಾರಿಯ ಬಲಗನ್ನಡಿಯಲ್ಲಿ ನಿಮ್ಮ ಮುಖ ಕಾಣುವಂತೆ ಹಿಂದೆ ನಿಂತು ಎರಡು ಸಲ ಡಿಪ್ ಕೊಟ್ಟರೆ ಚಾಲಕರಿಗೆ ವಿಷಯ ತಿಳಿಯುತ್ತದೆ. ಹಾರ್ನಿಗಿಂತ ಇದು ಮೇಲು.

ಸೈಲೆನ್ಸರ್ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. 80ರಿಂದ 175 ಸಿ.ಸಿ. ಬೈಕು ಕಂಪನಿಯಿಂದ ಹೊರಬರುವಾಗ ಶಬ್ದದ ಮಿತಿ 77 ಡೆಸಿಬಲ್, ಅದಕ್ಕೂ ದೊಡ್ಡದಕ್ಕೆ 80. ಸದ್ದಿದ್ದರೆ ಮುಂದಿನವರು ಎಚ್ಚರವಾಗುತ್ತಾರೆ ಎನ್ನುವ ವಾದ ನಿಲ್ಲುವುದಿಲ್ಲ: ಪೈಪಿನ ಬಾಯಿ ಹಿಂದಕ್ಕಿದೆ, ಗಾಜು ಏರಿಸಿಕೊಂಡ ಕಾರಿನವರಿಗೆ ಅದು ಕೇಳುವ ಹೊತ್ತಿಗೆ ನೀವು ಪಕ್ಕದಲ್ಲೇ ಇರುತ್ತೀರಿ. ಪೂರ್ತಿ ಕೇಳಿಸಿಕೊಳ್ಳುವವರು ನೀವು ದಾಟಿ ಬಂದ ಮನೆಯವರು. ಅದೇ ಕಾಯ್ದೆಯ 190(2)ರ ಅಡಿ ದಂಡ 10,000 ರೂಪಾಯಿವರೆಗೆ ಹೋಗಬಹುದು, ಲೈಸೆನ್ಸ್ ಮೂರು ತಿಂಗಳು ಅಮಾನತಾಗಬಹುದು. ಕೊಳ್ಳಬೇಡಿ.

ದುಡ್ಡು ಹಾಕಬೇಕಾದ್ದು ಕನ್ನಡಿಗೆ. ಹಿಂದೆ ಯಾರಿದ್ದಾರೆಂದು ತಿಳಿಯದೆ ಬಲಕ್ಕೆ ಜಾರುವುದು, ದಾಟಿದ ತಕ್ಷಣ ಎಡಕ್ಕೆ ಕಟ್ ಹೊಡೆಯುವುದು, ನಮ್ಮ ರಸ್ತೆಗಳ ಈ ಎರಡು ಕೆಟ್ಟ ಚಾಳಿಗೂ ಮದ್ದು ಇದೊಂದೇ. ಈಗ ಫ್ಯಾಷನ್ನಾಗಿರುವ ಬಾರ್-ಎಂಡ್ ಕನ್ನಡಿ, ಅಂದರೆ ಹ್ಯಾಂಡಲ್ ತುದಿಗೆ ಸಿಕ್ಕಿಸುವಂಥದ್ದು, ನೋಟದಲ್ಲಿ ಚೆಂದ. ಮೊಣಕೈ ಅಡ್ಡ ಬರುವುದಿಲ್ಲ ಎನ್ನುವುದು ನಿಜವಾದ ಲಾಭ. ಆದರೆ ಹ್ಯಾಂಡಲಿನ ಅಗಲ ಎರಡೂ ಕಡೆ ಹೆಚ್ಚುತ್ತದೆ, ಟ್ರಾಫಿಕ್ಕಿನಲ್ಲಿ ಕಾರುಗಳ ಕನ್ನಡಿಗೆ ತಾಗುವುದು ಇದೇ ಭಾಗ. ಹಾಕಲು ಮೂಲ ಬಾರ್-ಎಂಡ್ ತೂಕವನ್ನು ತೆಗೆಯಬೇಕು. ಕಂಪನ ಹೀರಲೆಂದೇ ಇಟ್ಟಿದ್ದ ತೂಕ ಹೋದರೆ ಹ್ಯಾಂಡಲ್ ನಡುಗಿ, ಕನ್ನಡಿಯೊಳಗಿನ ಹೆಡ್‌ಲೈಟ್ ಮಸುಕು ಚುಕ್ಕೆಯಾಗುತ್ತದೆ. ಅಗ್ಗದ ಮಾದರಿಗಳಲ್ಲಿ ರಬ್ಬರ್ ಹಿಗ್ಗುವ ಬೋಲ್ಟ್ ಸಡಿಲವಾಗಿ ಕನ್ನಡಿ ತಾನೇ ತಿರುಗಿಕೊಳ್ಳುತ್ತದೆ. ಅಂಟಿಸುವ ಪುಟ್ಟ ಗುಂಡು ಕನ್ನಡಿ ಕಾರಿಗೆ ಸರಿ. ಬೈಕಿನ ಕನ್ನಡಿಯೇ ಚಿಕ್ಕದು, ಅದರ ಕಾಲು ಭಾಗವನ್ನು ಇದು ನುಂಗುತ್ತದೆ.

ಬೈಕಿನೊಂದಿಗೆ ಬಂದ ಉದ್ದ ಕಾಂಡದ ಮೂಲ ಕನ್ನಡಿಯೇ ಉತ್ತಮ. ಒಡೆದಿದ್ದರೆ ಅದೇ ಕಂಪನಿಯದ್ದನ್ನು ಜೋಡಿಯಾಗಿ ಕೊಳ್ಳಿ. ಹೆಚ್ಚಿನ ಬೈಕುಗಳಲ್ಲಿ ಥ್ರೆಡ್ 10 ಎಂ.ಎಂ., ಕೆಲವು ಸ್ಕೂಟರುಗಳಲ್ಲಿ 8. ಯಮಹಾದ ಬಲಗಡೆ ಕನ್ನಡಿಗೆ ಉಲ್ಟಾ ಥ್ರೆಡ್ ಇರುತ್ತದೆ. ಗೊತ್ತಿಲ್ಲದೆ ಮಾಮೂಲಿನಂತೆ ತಿರುಗಿಸಿ ಬಿಗಿ ಮಾಡಹೋದರೆ ಹ್ಯಾಂಡಲಿನ ಅಲ್ಯೂಮಿನಿಯಂ ಕಣ್ಣೇ ಹಾಳಾಗುತ್ತದೆ. ಮೊದಲು ಕಾಂಡ ಪೂರ್ತಿ ಒಳಗಿಳಿಸಿ, ಒಂದು ಸುತ್ತು ಹಿಂದಕ್ಕೆ ತಂದು ಕೋನ ಸರಿಮಾಡಿ, ಆಮೇಲೆ ಕಾಂಡ ಅಲುಗದಂತೆ ಹಿಡಿಯುವ ಲಾಕ್‌ನಟ್ ಬಿಗಿಯಬೇಕು. ಸೀಟಿನ ಮೇಲೆ ಓಡಿಸುವ ಭಂಗಿಯಲ್ಲಿ ಕೂತು ನೋಡಿ: ದಿಗಂತ ಕನ್ನಡಿಯ ನಡುಮಧ್ಯೆ ಇರಬೇಕು, ಒಳ ಅಂಚಿನಲ್ಲಿ ನಿಮ್ಮ ತೋಳಿನ ತುಣುಕಷ್ಟೇ ಕಾಣಬೇಕು. ಕಾಲು ಭಾಗಕ್ಕಿಂತ ಹೆಚ್ಚು ಮೊಣಕೈಯೇ ಕಂಡರೆ ಹೊರಕ್ಕೆ ತಿರುಗಿಸಿ.

ಈ ಕನ್ನಡಿಗಳು ಉಬ್ಬುಗಾಜಿನವು. ಹಿಂದಿನ ವಾಹನ ಇರುವುದಕ್ಕಿಂತ ದೂರದಲ್ಲಿ ಕಾಣುತ್ತದೆ, ಪಕ್ಕಕ್ಕೆ ಅಂಟಿಕೊಂಡಂತೆ ಬಂದದ್ದು ಕಾಣುವುದೇ ಇಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಕನ್ನಡಿ ನೋಡಿ, ಬಲ ಇಂಡಿಕೇಟರ್ ಹಾಕಿ, ಕನಿಷ್ಠ ಮೂರು ಸೆಕೆಂಡು ಹಾಗೇ ಹೋಗಿ, ಬಲ ಹೆಗಲ ಮೇಲಿಂದ ಒಮ್ಮೆ ತಿರುಗಿ ನೋಡಿ, ಆಮೇಲೆ ಹೊರಬನ್ನಿ. ದ್ವಿಚಕ್ರ, ಸೈಕಲ್ಲಿನವರಿಗೆ ಒಂದೂವರೆ ಮೀಟರ್ ಬಿಡಿ. ಗುಂಡಿ ಕಂಡರೆ ಅವರು ಯಾವ ಸೂಚನೆಯೂ ಇಲ್ಲದೆ ಬಲಕ್ಕೆ ಬರುತ್ತಾರೆ, ಬೇರೆ ದಾರಿ ಅವರಿಗಿಲ್ಲ. ಎಡಗನ್ನಡಿಯಲ್ಲಿ ದಾಟಿದ ವಾಹನದ ಎರಡೂ ಹೆಡ್‌ಲೈಟ್ ಕಂಡ ಮೇಲೂ ಒಂದು ಸೆಕೆಂಡು ತಡೆದು ಎಡಕ್ಕೆ ಸೇರಿ. ಇಂಡಿಕೇಟರ್ ಆರಿಸುವುದನ್ನು ಮರೆತರೆ ಹಿಂದಿನವರು, ಎದುರಿನವರು ಇಬ್ಬರೂ ನೀವು ಬಲಕ್ಕೆ ತಿರುಗುತ್ತೀರೆಂದು ನಂಬುತ್ತಾರೆ. ಅದಕ್ಕೊಂದು ಸಣ್ಣ ಇಂಡಿಕೇಟರ್ ಬಜರ್ ಸಿಗುತ್ತದೆ. ಈ ಅಂಗಡಿಗಳಲ್ಲಿ ಸಿಗುವ ಅತಿ ಅಗ್ಗದ, ಅತಿ ಉಪಯುಕ್ತ ಸಾಮಾನು ಅದು.

ಬಸ್ಸು ದಾಟುವ ಲೆಕ್ಕವನ್ನೂ ನೋಡಿ. ಬಸ್ಸಿನ ಉದ್ದ 12 ಮೀಟರ್, ವೇಗ 60. ನಿಮ್ಮ ವೇಗ 80. ಹಿಂದೆ 15 ಮೀಟರ್, ಮುಂದೆ 15 ಮೀಟರ್ ಅಂತರ, ಬೈಕಿನ ಎರಡು ಮೀಟರ್ ಸೇರಿ 44 ಮೀಟರನ್ನು ನೀವು ಬಸ್ಸಿಗಿಂತ ಹೆಚ್ಚು ಕ್ರಮಿಸಬೇಕು. ಅದಕ್ಕೆ ಎಂಟು ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ರಸ್ತೆಯ ಮೇಲೆ ಸುಮಾರು 180 ಮೀಟರ್ ಮುಂದಕ್ಕೆ ಹೋಗಿರುತ್ತೀರಿ. ಎದುರಿನಿಂದ 80ರಲ್ಲಿ ಬರುವ ಕಾರು ಅಷ್ಟೇ ದೂರ ಬಂದಿರುತ್ತದೆ. 360 ಮೀಟರ್ ರಸ್ತೆ ಖಾಲಿ ಕಾಣದಿದ್ದರೆ ಹೊರಬರುವಂತಿಲ್ಲ. ವಾರಾಂತ್ಯದ ಗ್ರೂಪ್ ರೈಡ್‌ಗಳಲ್ಲಿ ಕೆಡುವುದು ಇಲ್ಲೇ. ಹೆಲ್ಮೆಟ್ ಇಂಟರ್‌ಕಾಮ್‌ನಲ್ಲಿ ಮುಂದಿನವರು 'ಕ್ಲಿಯರ್' ಎಂದದ್ದು ಅವರ ಮಟ್ಟಿಗೆ ಮಾತ್ರ ನಿಜ. ನಾಲ್ಕು ಸೆಕೆಂಡು ತಡವಾಗಿ ಹೊರಬರುವವರಿಗೆ ಅದೇ ಖಾಲಿ ಜಾಗ ಕನಿಷ್ಠ 150 ಮೀಟರ್ ಕಡಿಮೆಯಾಗಿರುತ್ತದೆ. ದೊಡ್ಡ ಗುಂಪನ್ನು ಮೂರು-ನಾಲ್ಕು ಬೈಕುಗಳಂತೆ ಒಡೆದು, ನಡುವೆ ಕಾರು ಸೇರಿಕೊಳ್ಳುವಷ್ಟು ಜಾಗ ಬಿಡಬೇಕು. ಊರಿನವರ ಕಾರನ್ನು ಹತ್ತು ಬೈಕು ಸುತ್ತುವರಿದರೆ ಅವರಿಗೆ ನಿಲ್ಲಲೂ ಆಗದು, ತಿರುಗಲೂ ಆಗದು.

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಚಾರ್ಮಾಡಿಯಲ್ಲಿ ಓವರ್‌ಟೇಕ್ ಮಾಡಲು ಯಾವ ಸಾಮಾನೂ ನೆರವಿಗೆ ಬರುವುದಿಲ್ಲ. ಬಸ್ಸು ತಿರುವಿನಲ್ಲಿ ಮೊದಲು ಹೊರಕ್ಕೆ ಹೋಗುತ್ತದೆ, ಒಳಗೆ ಜಾಗ ಬಿಟ್ಟಂತೆ ಕಾಣುತ್ತದೆ. ಅಲ್ಲಿಗೆ ನುಗ್ಗಿದ ಬೈಕಿನ ಮೇಲೆ ಹಿಂದಿನ ಚಕ್ರ ಒಳಕ್ಕೆ ಎಳೆದುಕೊಂಡು ಬರುತ್ತದೆ. ಇಕ್ಕಟ್ಟಾದ ಕಡೆ ಏರಿ ಬರುವವರಿಗೆ ಮೊದಲ ದಾರಿ ಎಂಬುದು ನಿಯಮವೂ ಹೌದು. ಲೋಡಾದ ವಾಹನ ಏರಿನಲ್ಲಿ ನಿಂತರೆ ಮತ್ತೆ ಎಬ್ಬಿಸುವುದು ಎಷ್ಟು ಕಷ್ಟ ಎಂದು ಘಾಟಿ ಓಡಿಸುವವರಿಗೆ ಗೊತ್ತು. ನಿಂತ ಬಸ್ಸನ್ನು ಎಡಗಡೆಯಿಂದ ದಾಟುವುದಂತೂ ಎಲ್ಲಿಯೂ ಬೇಡ, ಇಳಿಯುವವರ ಕಾಲು ನೆಲ ಮುಟ್ಟುವುದು ಅಲ್ಲಿಗೇ.

ಅಂಗಡಿಗೆ ಹೋದರೆ ಕೊಳ್ಳಬೇಕಾದ ಕ್ರಮ: ಮೂಲ ಕನ್ನಡಿ ಜೋಡಿ, ಬಜರ್, ಒಡೆದ ಇಂಡಿಕೇಟರಿನ ಬದಲಿ. ಘಾಟಿಯವರಿಗೆ ಮಾತ್ರ ರಿಲೇ ಸಮೇತ ವಿಂಡ್‌ಟೋನ್. ಕನ್ನಡಿ ಹಾಕಿಸಿದ ವಾರದೊಳಗೆ ಲಾಕ್‌ನಟ್ ಇನ್ನೊಮ್ಮೆ ಬಿಗಿಸಿ, ಕಂಪನಕ್ಕೆ ಅದು ಸಡಿಲವಾಗುತ್ತದೆ. ಹಿಂದೆ ಯಾರಾದರೂ ಕೂತರೆ ಹೊರಡುವ ಮುಂಚೆ ಕನ್ನಡಿಯನ್ನು ತುಸು ಮೇಲಕ್ಕೆ ಬಾಗಿಸಿಕೊಳ್ಳಿ, ಇಲ್ಲದಿದ್ದರೆ ಹಿಂದಿನ ವಾಹನಗಳ ಜಾಗದಲ್ಲಿ ಬರೀ ರಸ್ತೆ ಕಾಣುತ್ತದೆ.