ಡಿ ಕೊಲೊ ಆಟ ನೋಡೋಕೆ ಹಳೇ ಕ್ರೀಡಾಂಗಣವೇ ಸರಿ ಇತ್ತು

ಫ್ರಾನ್ಸ್‌ನ ಲಿಯೋನ್ ಅಂದರೆ ಎಲ್ಲರಿಗೂ ಫುಟ್‌ಬಾಲ್ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಪಕ್ಕದ ವಿಲ್ಯೂರ್ಬಾನ್‌ನ ಆಸ್ಟ್ರೋಬಾಲ್ ಕ್ರೀಡಾಂಗಣದ ಬಗ್ಗೆ. ಆಸ್ವೆಲ್ ಬ್ಯಾಸ್ಕೆಟ್‌ಬಾಲ್ ತಂಡದ ಹಳೇ ಮನೆ ಇದು. 1995ರಲ್ಲಿ ಶುರುವಾಗಿದ್ದು, ಸುಮಾರು 5,500 ಜನ ಹಿಡಿಸುತ್ತಾರೆ. ಮೆಟ್ರೋ ಎ ಲೈನ್‌ನಲ್ಲಿ ಲೊರಾಂ ಬೊನ್ವೆ ಆಸ್ಟ್ರೋಬಾಲ್ ಸ್ಟೇಷನ್ ಅಂತಲೇ ಇದೆ, ಇಳಿದು ಜನ ಹೋಗುವ ಕಡೆ ನಡೆದರೆ ಆಯ್ತು.

2023ರ ಕೊನೆಗೆ ಹತ್ತಿರದ ಡೆಸಿನ್‌ನಲ್ಲಿ ಎಲ್‌ಡಿಎಲ್‌ಸಿ ಅರೀನಾ ಅನ್ನುವ ದೊಡ್ಡ ಹೊಸ ಹಾಲ್ ಬಂತು. ಯೂರೋಪಿನ ದೊಡ್ಡ ಕ್ಲಬ್‌ಗಳು ಆಡುವ ಯೂರೋಲೀಗ್‌ನ ಪಂದ್ಯಗಳು ಅಲ್ಲಿಗೆ ಹೋದವು, ಫ್ರೆಂಚ್ ಲೀಗ್ ಪಂದ್ಯಗಳು ಹೆಚ್ಚಾಗಿ ಇಲ್ಲೇ ಉಳಿದವು. ಹೊಸದು ಚೆನ್ನಾಗಿಯೇ ಇದೆ. ಲೈಟು, ಸೌಂಡು, ಸ್ಕ್ರೀನು ಎಲ್ಲ ಭರ್ಜರಿ. ಆದರೆ ನಾನು ದುಡ್ಡು ಕೊಡುತ್ತಿದ್ದದ್ದು ಆಸ್ವೆಲ್‌ನಲ್ಲಿದ್ದ ಫ್ರೆಂಚ್ ಆಟಗಾರ ನಾಂಡೊ ಡಿ ಕೊಲೊ ಆಟ ನೋಡೋಕೆ. ಆ ಆಟ ದೂರದಿಂದ ಕಾಣುವಂಥದ್ದಲ್ಲ.

ಕಾಲೇಜಿನಲ್ಲಿ ನಾನೂ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ಕಟ್ಟುವ ಜಾಗದಲ್ಲಿ ಆಡಿದವಳು. ನಮ್ಮ ಯಜಮಾನರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಪ್ರಪಂಚ ಇಲ್ಲ. 2023-24ರ ಸೀಸನ್‌ನಲ್ಲಿ ಮೊದಲ ಸಲ ಕರೆದುಕೊಂಡು ಹೋದಾಗ ಅವರು ಕೇಳಿದ್ದು ಒಂದೇ ಮಾತು: "ಏನೇ, ಇವನು ಓಡೋದೇ ಇಲ್ವಲ್ಲ?"

"ಸುಮ್ನೆ ನೋಡ್ತಾ ಇರಿ" ಅಂದೆ.

ಅವರು ಹೇಳಿದ್ದು ನಿಜವೇ. ಡಿ ಕೊಲೊಗೆ ಆಗ 36 ವರ್ಷ. ಎತ್ತರ 1.96 ಮೀಟರ್, ಈ ಆಟದಲ್ಲಿ ಅದೇನೂ ಜಾಸ್ತಿ ಅಲ್ಲ. ಜಿಗಿತದಲ್ಲೂ ಅಂಥ ವಿಶೇಷ ಇಲ್ಲ. ಜೊತೆಯವನು ಸ್ಕ್ರೀನ್ ಹಾಕುತ್ತಾನೆ, ಅಂದರೆ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾನೆ, ಇವನು ಅದರ ಪಕ್ಕದಲ್ಲಿ ಹಾಯ್ದು ಒಳಗೆ ಬರುತ್ತಾನೆ. ಬೇರೆಯವರಾದರೆ ಅಲ್ಲಿಂದ ಬಾಣದಂತೆ ನುಗ್ಗುತ್ತಾರೆ. ಇವನು ನಿಧಾನ ಮಾಡುತ್ತಾನೆ! ಹಿಂದೆ ಬಿದ್ದ ಡಿಫೆಂಡರ್‌ನನ್ನು ಬೆನ್ನ ಮೇಲೆ ಹಾಗೇ ಇಟ್ಟುಕೊಂಡು ಎರಡು ಡ್ರಿಬಲ್. ಹಿಂದಿನವನಿಗೆ ಮುಂದೆ ಬರಲು ದಾರಿಯಿಲ್ಲ, ಮುಂದಿರುವ ಎತ್ತರದವನಿಗೆ ಇವನು ಶಾಟ್ ಹೊಡೆಯುತ್ತಾನೋ ಪಾಸ್ ಕೊಡುತ್ತಾನೋ ಗೊತ್ತಾಗುವುದಿಲ್ಲ. ಹಿಂದಿನವನು ತಾಳ್ಮೆ ಕಳೆದುಕೊಂಡು ಕೈ ಹಾಕಿದ ಅಂದರೆ ಅದೇ ಕ್ಷಣಕ್ಕೆ ಇವನ ಕೈ ಮೇಲೇಳುತ್ತದೆ. ಸೀಟಿ. ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಹೊಡೆಯುವ ಶಾಟ್‌ಗಳು. ಅವು ತಪ್ಪುವುದು ಬಹಳ ಅಪರೂಪ. ಯೂರೋಲೀಗ್‌ನಲ್ಲಿ ಅವನ ಫ್ರೀ ಥ್ರೋ ಲೆಕ್ಕ ಶೇ. 90ಕ್ಕೂ ಮೇಲೆ.

ಎರಡನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ನಮ್ಮವರು ಮುಂದಕ್ಕೆ ಬಾಗಿ ಕೂತಿದ್ದರು. "ಪ್ರಸನ್ನ ಬೌಲಿಂಗ್ ಹಿಂಗೇ ಇತ್ತಂತೆ, ಅಪ್ಪ ಹೇಳೋರು. ಬ್ಯಾಟ್ಸ್‌ಮನ್ ಮುಂದೆ ಬರೋ ತನಕ ಚೆಂಡು ಬರ್ತಾನೇ ಇರಲಿಲ್ವಂತೆ" ಅಂದರು. ಹೋಲಿಕೆ ಪರವಾಗಿಲ್ಲ ಅನ್ನಿಸಿತು.

ಇಷ್ಟು ದೊಡ್ಡ ಆಟಗಾರ ಇಲ್ಲಿಗೆ ಹೇಗೆ ಬಂದ ಅಂತ ಅನುಮಾನ ಬರಬಹುದು. ಆ ವರ್ಷಗಳಲ್ಲಿ ಆಸ್ವೆಲ್ ಯೂರೋಲೀಗ್ ಪಟ್ಟಿಯ ತಳದಲ್ಲಿತ್ತು. ಇವನದು ಬೇರೆಯೇ ಮಟ್ಟ. ಫ್ರಾನ್ಸ್‌ನ ಶೋಲೆ ಕ್ಲಬ್‌ನಲ್ಲಿ ಬೆಳೆದ ಹುಡುಗ, ಅಲ್ಲಿಂದ ಸ್ಪೇನ್‌ನ ವಲೆನ್ಸಿಯಾ, 2010ರಲ್ಲಿ ಯೂರೋಲೀಗ್‌ನ ಕೆಳಗಿನ ಟೂರ್ನಿಯಾದ ಯೂರೋಕಪ್ ಗೆಲುವು. ಆಮೇಲೆ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ: ಸ್ಯಾನ್ ಆಂಟೋನಿಯೋ, ಸ್ವಲ್ಪ ದಿನ ಟೊರಾಂಟೊ. ಎರಡು ಸೀಸನ್ ಹೆಚ್ಚಾಗಿ ಬೆಂಚ್ ಮೇಲೆಯೇ ಕಳೆಯಿತು. 2014ರಲ್ಲಿ ಮಾಸ್ಕೋದ ಸಿಎಸ್‌ಕೆಎ ಕ್ಲಬ್‌ಗೆ ಬಂದ ಮೇಲೆ ನೋಡಬೇಕಿತ್ತು ಅವನ ವರಸೆ. 2015-16ರಲ್ಲಿ ಯೂರೋಲೀಗ್‌ನಲ್ಲಿ ಸರಾಸರಿ ಅತಿ ಹೆಚ್ಚು ಪಾಯಿಂಟ್ ಇವನದೇ, ಸೀಸನ್‌ನ ಎಂವಿಪಿ, ಅಂದರೆ ಶ್ರೇಷ್ಠ ಆಟಗಾರನೂ ಇವನೇ. ಬರ್ಲಿನ್‌ನ ಫೈನಲ್‌ನಲ್ಲಿ ಟರ್ಕಿಯ ಫೆನರ್‌ಬಾಚೆ ವಿರುದ್ಧ ಓವರ್‌ಟೈಮ್‌ನಲ್ಲಿ 101-96ರ ಗೆಲುವು. ಕೊನೆಯ ನಾಲ್ಕು ತಂಡಗಳ ಸುತ್ತಾದ ಫೈನಲ್ ಫೋರ್‌ನ ಎಂವಿಪಿ ಕೂಡ ಇವನ ಪಾಲಿಗೇ. 2019ರಲ್ಲಿ ಮತ್ತೊಮ್ಮೆ ಕಪ್. ಅಮೆರಿಕದಲ್ಲಿ ನಡೆಯಲಿಲ್ಲ ಅಂತ ಈಗಲೂ ಕೆಲವರು ಮೂಗು ಮುರಿಯುತ್ತಾರೆ. ನನಗಂತೂ ಅದು ಅರ್ಥವಾಗದ ಮಾತು. ಯೂರೋಪಿನಲ್ಲಿ ಇಷ್ಟು ಗೆದ್ದವನಿಗೆ ಇನ್ನೇನು ಸರ್ಟಿಫಿಕೇಟ್ ಬೇಕು?

ತಮಾಷೆ ಅಂದರೆ, ತಾನೇ ಸೋಲಿಸಿದ ಫೆನರ್‌ಬಾಚೆಗೆ ಮೂರು ವರ್ಷ ಆಡಿ, 2022ರಲ್ಲಿ ಆಸ್ವೆಲ್‌ಗೆ ಬಂದ. ಆಗ ಇಲ್ಲಿ ಅಧ್ಯಕ್ಷನಾಗಿದ್ದದ್ದು ಟೋನಿ ಪಾರ್ಕರ್, ಸ್ಯಾನ್ ಆಂಟೋನಿಯೋದಲ್ಲಿ ಜೊತೆಗೆ ಆಡಿದವನು, 2013ರಲ್ಲಿ ಯೂರೋಪಿನ ದೇಶಗಳ ಟೂರ್ನಿ ಯೂರೋಬಾಸ್ಕೆಟ್ ಗೆದ್ದ ಫ್ರಾನ್ಸ್ ತಂಡದಲ್ಲೂ ಜೊತೆಗಿದ್ದವನು. ಮಧ್ಯದಲ್ಲಿ ಟೋಕಿಯೋ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ ಡಿ ಕೊಲೊಗೆ ಬೆಳ್ಳಿ.

ಇನ್ನು ಸೀಟಿನ ವಿಷಯ. ಕೋರ್ಟಿನ ಉದ್ದಕ್ಕೂ ಇರುವ ಸೀಟು ಬಿಟ್ಟು ಬ್ಯಾಸ್ಕೆಟ್ ಇರುವ ಬೋರ್ಡ್ ಹಿಂದಿನದನ್ನು ತಗೊಳ್ಳಿ. ಸ್ಕ್ರೀನ್ ಹಾಕಿದ ಮೇಲೆ ಡಿಫೆಂಡರ್ ಮುಖ ನೇರ ನಿಮ್ಮ ಕಡೆಗೇ ಇರುತ್ತದೆ, ಅವನು ಮೋಸ ಹೋಗುವುದು ಎದುರಿಗೇ ಕಾಣುತ್ತದೆ. ಟಿಕೆಟನ್ನು ಕ್ಲಬ್‌ನಿಂದಲೇ ಕೊಳ್ಳಿ. ಹೆಸರು ಬೇಡ, ಒಂದು ಮರುಮಾರಾಟದ ಆಪ್‌ನಲ್ಲಿ ದುಡ್ಡು ಕಟ್ಟಿ, ಗೇಟಿನ ಮುಂದೆ ನಿಂತರೂ ಕ್ಯೂಆರ್ ಕೋಡ್ ಬರದೆ ಒದ್ದಾಡಿದ್ದೇನೆ. ಸಸ್ಯಾಹಾರಿಗಳು ಮನೆಯಲ್ಲೇ ಊಟ ಮುಗಿಸಿ ಹೊರಟರೆ ನೆಮ್ಮದಿ. ಕ್ವಾರ್ಟರ್‌ಗೆ ಹತ್ತೇ ನಿಮಿಷ, ತಿಂಡಿಗೆ ಅಂತ ಎದ್ದು ಹೋದರೆ ಆಟ ಕೈತಪ್ಪುತ್ತದೆ. ಮುಗಿದ ಕೂಡಲೇ ಮೆಟ್ರೋಗೆ ಓಡಬೇಡಿ, ಪ್ಲಾಟ್‌ಫಾರ್ಮ್ ಗಿಜಿಗುಡುತ್ತಿರುತ್ತದೆ. ಸ್ವಲ್ಪ ಕೂತಿದ್ದು ಹೊರಟರೆ ಬೋಗಿಯಲ್ಲಿ ಸೀಟು ಸಿಗುತ್ತದೆ.