ಆನ್‌ಲೈನ್, ಗೊಬ್ಬರದ ಅಂಗಡಿ, ಡೇರಿ: ಐದು ದನಕ್ಕೆ ಯಾರ ಹತ್ತಿರ ಏನು ಕೊಂಡೆ

ನಮ್ಮದು ಮಹಾಲಿಂಗಪುರದ ಹತ್ತಿರ ತೋಟದ ಮನೆ. ಮೂರು ಎಕರೆ ಹೊಲ, ಅದರಲ್ಲಿ ಎರಡು ಕಬ್ಬು. ಕೊಟ್ಟಿಗೆಯಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್) ಆಕಳು, ಒಂದು ಜರ್ಸಿ, ಎರಡು ಮುರ್ರಾ ಎಮ್ಮೆ. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಅದೂ ಫ್ಯಾಕ್ಟರಿಯವರಿಗೆ ನೆನಪಾದಾಗ. ಮನೆ ನಡೆಯುವುದು ಹಾಲಿನ ಬಿಲ್ಲಿನ ಮೇಲೆ.

ನಾಲ್ಕು ವರ್ಷದಲ್ಲಿ ಈ ಐದು ದನಕ್ಕೆ ಅಂತ ಮೇವು ಕತ್ತರಿಸುವ ಮಷೀನ್, ಹಾಲು ಕರೆಯುವ ಮಷೀನ್, ಸೈಲೇಜ್ (ಗಾಳಿ ಆಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿ ಮೇವು), ಮಿನರಲ್ ಮಿಕ್ಸ್ಚರ್ (ಖನಿಜದ ಪುಡಿ), ಹೆಣ್ಣುಗರು ಹುಟ್ಟುವ ಸಿಮೆನ್ (ಕಡ್ಡಿಯಲ್ಲಿ ಬರುವ ಹೋರಿಯ ವೀರ್ಯ), ಎಲ್ಲ ಮಾಡಿ ನೋಡಿದ್ದೇನೆ. ಒಂದು ಮಷೀನನ್ನಂತೂ ಎರಡು ಸಲ ಕೊಂಡೆ, ಮೊದಲ ಸಲ ತಪ್ಪು ಕಡೆ ಕೊಂಡಿದ್ದರಿಂದ. ಯಾವ ಕಂಪನಿ ಮಷೀನ್ ಒಳ್ಳೇದು ಅಂತ ಕೇಳುವವರು ಬಹಳ. ಯಾರ ಹತ್ತಿರ ಕೊಂಡೆ ಅಂತ ಯಾರೂ ಕೇಳುವುದಿಲ್ಲ. ನಾನು ದುಡ್ಡು ಕಳೆದುಕೊಂಡದ್ದೆಲ್ಲ ಆ ಎರಡನೇ ಪ್ರಶ್ನೆಯಲ್ಲಿ. ಅದಕ್ಕೇ ಇಲ್ಲಿ ಮಾರುವವರನ್ನೇ ಪಕ್ಕಪಕ್ಕ ನಿಲ್ಲಿಸಿ ನೋಡುತ್ತೇನೆ.

ನಮ್ಮ ಕಡೆ ಮೂರು ದಾರಿ ಇವೆ. ಮೊಬೈಲಿನಲ್ಲಿ ಆರ್ಡರ್ ಮಾಡುವುದು ಒಂದು. ಪ್ಯಾಟೆಯ ಗೊಬ್ಬರದ ಅಂಗಡಿ ಇನ್ನೊಂದು, ಬೀಜ, ಔಷಧಿ, ಹಿಂಡಿ ಮಾರುತ್ತಿದ್ದವರು ಈಗ ಮಷೀನನ್ನೂ ಇಟ್ಟಿದ್ದಾರೆ. ಮೂರನೆಯದು ನಾವು ಹಾಲು ಹಾಕುವ ಡೇರಿ. ನಾಲ್ಕನೆಯವನು ಸೈಲೇಜ್ ಹುಡುಗ, ಅವನ ಸುದ್ದಿ ಆಮೇಲೆ ಬರುತ್ತದೆ.

ಮೊದಲು ಮೇವಿನ ಮಷೀನ್. ಮೊಬೈಲಿನಲ್ಲಿ ನೋಡಿ ಮೂರು ಎಚ್‌ಪಿಯದು ತರಿಸಿದೆ, 21 ಸಾವಿರ. ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, ಪೂಜೆ ಮಾಡಿ, ಕಾಯಿ ಒಡೆದು ನೋಡಿದರೆ ಮೋಟರ್ ತ್ರೀ ಫೇಸ್. ನಮಗೆ ತ್ರೀ ಫೇಸ್ ಬರುವುದು ಪಂಪ್‌ಸೆಟ್ಟಿಗೆ ಅಂತ ಕೊಡುವ ಏಳು ಗಂಟೆ ಮಾತ್ರ, ಅದೂ ಪಾಳಿಯ ಮೇಲೆ, ಕೆಲವು ವಾರ ರಾತ್ರಿ ಪಾಳಿ. ರಾತ್ರಿ ಎರಡಕ್ಕೆ ಎದ್ದು ನೀರು ಹಾಯಿಸುವುದೇ ಸಾಕಾಗಿರುತ್ತದೆ, ಇನ್ನು ಕಣಕಿ (ಜೋಳದ ಒಣ ದಂಟು) ಕತ್ತರಿಸುತ್ತಾ ಕೂರುವುದಾ? ಮಾರಿದವನಿಗೆ ಫೋನ್ ಮಾಡಿದರೆ ಹಿಂದಿಯಲ್ಲಿ, ಪಾಪ ಬಹಳ ಮರ್ಯಾದೆಯಿಂದ, ಮೋಟರ್ ಬದಲಿಸಿಕೊಳ್ಳಿ ಅಂದ. ತಪ್ಪು ನನ್ನದೂ ಇತ್ತು, ಓದದೇ ದುಡ್ಡು ಹಾಕಿದ್ದೆ. ಆದರೆ ಅಲ್ಲಿ ಕೇಳುವವರೇ ಇರಲಿಲ್ಲವಲ್ಲ.

ಗೊಬ್ಬರದ ಅಂಗಡಿಗೆ ಹೋದಾಗ ಸಾವಕಾರ್ರು ರೇಟ್ ಹೇಳುವುದಕ್ಕೆ ಮೊದಲು ಕೇಳಿದ್ದು ಇದನ್ನೇ: "ತ್ವಾಟದಾಗ ಸಿಂಗಲ್ ಫೇಸ್ ಎಷ್ಟೊತ್ತು ಇರ್ತದರಿ? ಸಂಜಿಗೆ ವೋಲ್ಟೇಜ್ ಹೆಂಗದ?" ಎರಡು ಎಚ್‌ಪಿ ಸಿಂಗಲ್ ಫೇಸ್ ಕೊಟ್ಟರು, 25,500. ಚಿಕ್ಕ ಮೋಟರಿಗೆ ನಾಲ್ಕೂವರೆ ಸಾವಿರ ಜಾಸ್ತಿ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಇದರಲ್ಲಿ ಮೇವು ಸಿಕ್ಕಿಕೊಂಡರೆ ಹಿಂದಕ್ಕೆ ತಿರುಗಿಸುವ ಲಿವರ್ ಇದೆ, ಮೊದಲನೆಯದರಲ್ಲಿ ಕೈ ಹಾಕಿ ಎಳೆಯಬೇಕಿತ್ತು. ನಮ್ಮ ಓಣಿಯಲ್ಲೇ ಒಬ್ಬರ ಎರಡು ಬೆರಳು ಹೋಗಿವೆ, ಹಾಗಾಗಿ ಈ ಲಿವರಿಗೆ ಎಷ್ಟು ಬೆಲೆ ಅಂತ ನಾನು ಲೆಕ್ಕ ಹಾಕುವುದಿಲ್ಲ. ಬ್ಲೇಡ್ ಅವರ ಹತ್ತಿರವೇ ಸಿಗುತ್ತದೆ, ಸಾಣೆ ಹಿಡಿಸಿಯೂ ಕೊಡುತ್ತಾರೆ. ಮೊದಲು ಇಡೀ ಕಣಕಿ ಹಾಕಿದರೆ ದಪ್ಪ ಬುಡವನ್ನೆಲ್ಲ ಗೋದಲಿಯಲ್ಲೇ ಬಿಟ್ಟು ಕಾಲಲ್ಲಿ ತುಳಿಯುತ್ತಿದ್ದವು, ಈಗ ಇಂಚಿನಷ್ಟು ಕತ್ತರಿಸಿದ್ದನ್ನು ನೆಕ್ಕಿ ಮುಗಿಸುತ್ತವೆ.

ಹೀಗಂದೆ ಅಂತ ಗೊಬ್ಬರದ ಅಂಗಡಿಯವರು ದೇವರು ಅಂತ ತಿಳಿಯಬೇಡಿ. ಅಲ್ಲಿ ಉದ್ರಿ ಸಿಗುತ್ತದೆ, ಉದ್ರಿ ಇದ್ದಲ್ಲಿ ರೇಟ್ ಕೇಳುವ ಬಾಯಿ ಮುಚ್ಚುತ್ತದೆ. ಕಬ್ಬಿನ ಬಿಲ್ಲಿಗೆ ಕೊಡುತ್ತೇನೆ ಅಂತ ಬರೆಸಿದ ಮೇಲೆ ಅವರು ಕೊಟ್ಟದ್ದೇ ಮಾಲು. ಮಿನರಲ್ ಮಿಕ್ಸ್ಚರ್ ಕೇಳಿದರೆ ಅದರ ಜೊತೆಗೆ ಐದು ಲೀಟರ್ ಕ್ಯಾಲ್ಸಿಯಂ ಕ್ಯಾನು, ಒಂದು ಲಿವರ್ ಟಾನಿಕ್, "ಇದನ್ನ ಹಾಕ್ರಿ, ಎರಡು ಲೀಟರ್ ಏರ್ತದ" ಅನ್ನುವ ಮಾತು. ಟಾನಿಕ್ಕಿನಿಂದ ಏರಿದ್ದು ನನ್ನ ಖಾತೆ.

ಮಿನರಲ್ ವಿಷಯದಲ್ಲಿ ಡೇರಿಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಅಂಗಡಿಯಲ್ಲಿ ಇದ್ದ ಬೆಲೆಯ ಅರ್ಧಕ್ಕೆ ಹತ್ತಿರ, ಕೈಯಿಂದ ದುಡ್ಡು ಕೊಡುವ ಹಂಗಿಲ್ಲ, ಹಾಲಿನ ಬಿಲ್ಲಿನಲ್ಲಿ ಕಡಿದುಕೊಳ್ಳುತ್ತಾರೆ. ಹಾಲು ಕರೆಯುವ ದನಕ್ಕೆ ದಿನಕ್ಕೆ 50 ಗ್ರಾಂ, ಹಿಂಡಿಯಲ್ಲಿ ಕಲಸಿ. ನಮ್ಮ ಕಡೆಯವರಿಗೆ ಇದು ಉಳಿದವರಿಗಿಂತ ಹೆಚ್ಚು ಬೇಕು, ಯಾಕೆಂದರೆ ಕಬ್ಬು ಕಡಿಯುವ ನಾಲ್ಕೈದು ತಿಂಗಳು ಪುಕ್ಕಟೆ ಸಿಗುತ್ತದೆ ಅಂತ ಬರೀ ಕಬ್ಬಿನ ವಾಡಿ (ಕಬ್ಬಿನ ತುದಿಯ ಹಸಿರು ಗರಿ) ಹಾಕುತ್ತೇವೆ. ವಾಡಿಯಲ್ಲಿ ಆಕ್ಸಲೇಟ್ ಇರುತ್ತದೆ, ಅದು ಮೇವಿನಲ್ಲಿರುವ ಕ್ಯಾಲ್ಸಿಯಂ ದನದ ಮೈಗೆ ಹತ್ತದಂತೆ ಹಿಡಿದಿಡುತ್ತದೆ. ಹೊಟ್ಟೆ ತುಂಬಿರುತ್ತದೆ, ದನ ಮಾತ್ರ ಸೊರಗುತ್ತದೆ. ನಮ್ಮ ಜರ್ಸಿ ಈದು ಐದು ತಿಂಗಳಾದರೂ ಬೆದೆಗೆ ಬಂದಿರಲಿಲ್ಲ, ಮಿನರಲ್ ಶುರು ಮಾಡಿದ ಮೂರನೇ ತಿಂಗಳಿಗೆ ಬಂತು. ಅದರಿಂದಲೇ ಬಂತು ಅಂತ ಆಣೆ ಮಾಡಿ ಹೇಳುವುದಿಲ್ಲ, ಅದೇ ಸಮಯಕ್ಕೆ ಜಂತುಹುಳದ ಔಷಧಿಯನ್ನೂ ಹಾಕಿದ್ದೆ. ಡೇರಿಯ ಕುಂದು ಒಂದೇ, ಮಾಲು ಮುಗಿದರೆ "ಮುಂದಿನ ವಾರ" ಅನ್ನುತ್ತಾರೆ. ಆ ವಾರ ನಾಲ್ಕು ವಾರವಾದದ್ದೂ ಇದೆ. ನಾನು ಈಗ ಎರಡು ತಿಂಗಳಿನದು ಒಮ್ಮೆಗೇ ಎತ್ತಿಡುತ್ತೇನೆ.

ಇನ್ನು ಸೈಲೇಜ್. ಮೊದಲ ವರ್ಷ ನಾನೇ ಗುಂಡಿ ತೋಡಿ ಮಾಡಿದೆ. ಗೋವಿನಜೋಳ ಒಣಗಿದ ಮೇಲೆ ಕೊಯ್ದೆ, ಸರಿಯಾಗಿ ತುಳಿಯಲಿಲ್ಲ, ಮೇಲೆ ಹೊದಿಸಿದ ತಾಡಪತ್ರಿಗೆ ಇಲಿ ತೂತು ಹಾಕಿತು. ತೆರೆದಾಗ ಅರ್ಧ ಕಪ್ಪು ಬೂಸ್ಟು, ತಿಪ್ಪೆಗೆ ಹೋಯಿತು. ಕಾಳು ಇನ್ನೂ ಹಿಟ್ಟು ಹಿಟ್ಟಾಗಿರುವಾಗ ಕೊಯ್ಯಬೇಕು, ಸಣ್ಣಗೆ ಕತ್ತರಿಸಬೇಕು, ಗಾಳಿ ಉಳಿಯದಂತೆ ತುಳಿದು ಒಂದೂವರೆ ತಿಂಗಳು ಮುಟ್ಟದೇ ಬಿಡಬೇಕು. ಹೇಳಲಿಕ್ಕೆ ಸುಲಭ. ಅರ್ಧ ಎಕರೆ ಗೋವಿನಜೋಳಕ್ಕೆ ಒಂದೇ ದಿನ ಆರು ಆಳು, ಒಂದು ಟ್ರ್ಯಾಕ್ಟರ್, ಅದೂ ಎಲ್ಲರೂ ಕಬ್ಬಿನ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ, ಎಲ್ಲಿಂದ ತರೋಣ?

ಆಗ ಸಿಕ್ಕವನು ಮುಧೋಳ ಕಡೆಯ ಒಬ್ಬ ಹುಡುಗ. ಬ್ಯಾಂಕ್ ಸಾಲ ಮಾಡಿ ಸೈಲೇಜ್ ಪ್ಯಾಕ್ ಮಾಡುವ ಮಷೀನ್ ಹಾಕಿದ್ದಾನೆ. ಸುತ್ತಲಿನ ರೈತರ ಹೊಲದಲ್ಲಿ ನಿಂತ ಗೋವಿನಜೋಳವನ್ನೇ ಕೊಂಡು, ಕತ್ತರಿಸಿ, ಐವತ್ತು ಕಿಲೋ ಚೀಲ ಮಾಡಿ ಮಾರುತ್ತಾನೆ. ನನಗೆ ಕಿಲೋಗೆ ಏಳು ರೂಪಾಯಿ ಬಿತ್ತು, ಮನೆ ಮುಟ್ಟ. ಗುಂಡಿಯದು ಲೆಕ್ಕಕ್ಕೆ ಅಗ್ಗ, ಆದರೆ ತಿಪ್ಪೆಗೆ ಹೋದ ಅರ್ಧವನ್ನೂ ಹಿಡಿದರೆ ಎರಡೂ ಅಲ್ಲಿಂದಲ್ಲಿಗೇ.

ಅವನ ಹತ್ತಿರ ಕೊಳ್ಳುವಾಗ ನಾನು ಎರಡು ಸಲ ಮೋಸ ಹೋದ ಮೇಲೆ ಕಲಿತದ್ದು ಹೇಳುತ್ತೇನೆ, ಮೋಸ ಅನ್ನುವುದಕ್ಕಿಂತ ನನ್ನ ದಡ್ಡತನ ಅನ್ನಿ. ತೂಕದ ಮೇಲೆ ಮಾರುವ ಮಾಲು ಇದು, ನೀರು ಜಾಸ್ತಿ ಇದ್ದಷ್ಟು ಅವನಿಗೆ ಲಾಭ. ಒಂದು ಚೀಲ ಬಿಚ್ಚಿಸಿ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಬೇಡ ಅನ್ನಿ. ಕೈ ಬಿಟ್ಟಾಗ ಉಂಡೆ ನಿಧಾನ ಬಿಚ್ಚಿಕೊಂಡರೆ, ವಾಸನೆ ಸ್ವಲ್ಪ ಹುಳಿ ಸ್ವಲ್ಪ ಸಿಹಿ ಇದ್ದರೆ ತಗೊಳ್ಳಿ. ಇನ್ನೊಂದು, ತೆನೆ ಸಮೇತ ಕತ್ತರಿಸಿದ್ದಾ ಅಂತ ಕೇಳಿ. ತೆನೆ ಮುರಿದು ಮಾರಿಕೊಂಡು ಬರೀ ದಂಟು ತುಂಬುವವರಿದ್ದಾರೆ, ಅದಕ್ಕೆ ಏಳು ರೂಪಾಯಿ ಯಾಕೆ ಕೊಡಬೇಕು? ಚೀಲದ ಮಾಲಿನಲ್ಲಿ ಕಾಳು ಕಣ್ಣಿಗೆ ಕಾಣಬೇಕು. ಬಿಚ್ಚಿದ ಚೀಲ ಎರಡು ದಿನದಲ್ಲಿ ಮುಗಿಸಿ. ಒಮ್ಮೆಗೇ ಹದಿನೈದು ಕಿಲೋ ಸುರಿಯಬೇಡಿ, ವಾರದ ಮೇಲೆ ಏರಿಸಿ, ಇಲ್ಲದಿದ್ದರೆ ಸಗಣಿ ನೀರಾಗುತ್ತದೆ.

ವರ್ಷವಿಡೀ ಅದನ್ನೇ ಹಾಕುವುದು ನನ್ನಂಥವನಿಗೆ ಹುಚ್ಚು. ಚಳಿಗಾಲದಲ್ಲಿ ವಾಡಿ ಇದೆ, ಮಳೆಗಾಲದಲ್ಲಿ ಬದುವಿನ ಹುಲ್ಲು, ನೇಪಿಯರ್ ಹುಲ್ಲು ಇದೆ. ಏಪ್ರಿಲ್, ಮೇನಲ್ಲಿ ನೇಪಿಯರ್ ಕೂಡ ಬಾಡಿ ನಿಂತಾಗ ಹಾಲು ಸರಕ್ಕನೆ ಇಳಿಯುತ್ತದೆ ನೋಡಿ, ಆ ಎರಡು ತಿಂಗಳಿಗೆ ಮಾತ್ರ ನಾನು ಚೀಲ ಕೊಳ್ಳುತ್ತೇನೆ. (ಅಜೋಲಾ ಅನ್ನುವ ನೀರಿನ ಮೇಲೆ ತೇಲುವ ಮೇವನ್ನೂ ಬೆಳೆದಿದ್ದೆ. ನಮ್ಮ ಬಿಸಿಲಿಗೆ ಬೆಂದು ಹೋಯಿತು. ಅಷ್ಟೇ ಅದರ ಕಥೆ.)

ಹೆಣ್ಣುಗರುವಿನ ಸಿಮೆನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎಚ್‌ಎಫ್ ಗಂಡುಗರುವನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಹಾಗಾಗಿ ನೂರಕ್ಕೆ 90 ಹೆಣ್ಣು ಅಂದರೆ ಆಸೆ ಆಗುತ್ತದೆ. ಆದರೆ ಗಬ್ಬ ನಿಲ್ಲುವುದು ಮಾಮೂಲಿ ಸಿಮೆನ್‌ಗಿಂತ ಕಡಿಮೆ, ನನ್ನದು ಮೂರನೇ ಸಲಕ್ಕೆ ನಿಂತಿತು. ಹೆಣ್ಣುಗರುವೇ. ಆರೋಗ್ಯವಾಗಿರುವ ಪಡ್ಡೆಗೆ (ಇನ್ನೂ ಈಯದ ಕಡಸಿಗೆ) ಮಾಡಿಸಿ, ಎರಡು ಮೂರು ಸಲ ನಿಲ್ಲದ ಹಳೇ ಆಕಳಿಗೆ ಬೇಡ. ಡೇರಿಯಲ್ಲಿ ಅಗ್ಗ. ಆದರೆ ಬೆದೆ ಭಾನುವಾರ, ಹಬ್ಬ ನೋಡುವುದಿಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಮಾಡಿಸಬೇಕು. ಅಷ್ಟರಲ್ಲಿ ಡೇರಿಯವರು ಬರದಿದ್ದರೆ ಬೈಕಿನ ಮೇಲೆ ಬರುವ ಖಾಸಗಿಯವರಿಗೇ ಫೋನ್ ಹೋಗುತ್ತದೆ. ಅವರ ಕ್ಯಾನಿನಲ್ಲಿ ನೈಟ್ರೋಜನ್ ಎಷ್ಟಿದೆ ಅಂತ ಇಣುಕಿ ನೋಡಲು ನಾಚಿಕೆ ಬೇಡ. ಅದು ಮೈನಸ್ 196 ಡಿಗ್ರಿಯ ದ್ರವ, ಅದು ಆರಿ ಹೋಗಿದ್ದರೆ ಒಳಗಿನ ಕಡ್ಡಿ ಸತ್ತಂತೆಯೇ.

ಕೊನೆಗೆ ಹಾಲು ಕರೆಯುವ ಮಷೀನ್. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಇದು ನಮ್ಮ ಡೇರಿಯ ಸಂಘದ ಮೂಲಕ, ಸಬ್ಸಿಡಿಯಲ್ಲಿ ಬಂತು. ನಮ್ಮ ಊರಿಗೆ ಒಟ್ಟು ಐದು. ತಾಲೂಕಿನಲ್ಲಿ ಒಂದು ಹಾಲ್‌ನಲ್ಲಿ ತರಬೇತಿ ಇಟ್ಟಿದ್ದರು, ಚಹಾ, ಉಪ್ಪಿಟ್ಟು, ಫೋಟೋ. ಕೂತವರೆಲ್ಲ ಗಂಡಸರು. ನಮ್ಮ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯುವವಳು ನನ್ನ ಹೆಂಡತಿ. ಅವಳು ಮಷೀನ್ ನೋಡಿದ್ದು ಅದು ಕೊಟ್ಟಿಗೆಗೆ ಬಂದ ದಿನ. ಕಂಪನಿಯ ಮನುಷ್ಯ ಅರ್ಧ ಗಂಟೆ ಇದ್ದು, ಸ್ವಿಚ್ ತೋರಿಸಿ, ನನ್ನ ಸಹಿ ತಗೊಂಡು ಹೋದ. ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಹತ್ತು ತಿಂಗಳು ಹೇಗೋ ನಡೆಯಿತು. ಹನ್ನೊಂದನೇ ತಿಂಗಳು ದೊಡ್ಡ ಎಚ್‌ಎಫ್‌ಗೆ ಒಂದು ಮೊಲೆಯಲ್ಲಿ ಕೆಚ್ಚಲು ಬಾವು. ಡಾಕ್ಟರು ಬಂದು ಸೂಜಿ ಹಾಕಿ, ಮೊಲೆಗೆ ಹಚ್ಚುವ ಕಪ್ ಎತ್ತಿ ನೋಡಿದರು, ಒಳಗಿನ ರಬ್ಬರ್ ಲೈನರ್ ಸೀಳಿತ್ತು. ಹೊಸ ಲೈನರ್ ಬೇಕು ಅಂತ ಸಂಘಕ್ಕೆ ಹೇಳಿದೆ. ಅವರು ಮೇಲೆ ಬರೆದರು, ಮೇಲಿನವರು ಕಂಪನಿಗೆ ಬರೆದರು. ಮೂರು ವಾರ. ಅಷ್ಟು ದಿನ ಅವಳು ಕೈಯಲ್ಲೇ ಕರೆದಳು, ಮಷೀನ್ ನೋಡಿದಾಗಲೆಲ್ಲ ನನ್ನನ್ನೂ ಒಮ್ಮೆ ನೋಡಿದಳು.

ಆಗ ಗೊಬ್ಬರದ ಅಂಗಡಿಯ ರಿಪೇರಿ ಹುಡುಗ ಬಂದ. ಅವರಲ್ಲಿ ಕೊಂಡ ಮಷೀನ್ ಅಲ್ಲ, ಆದರೂ ಬಂದ, ಸಂಜೆ ಕರೆಯುವ ಹೊತ್ತಿಗೇ. ಮೊದಲು ಗೇಜ್ ನೋಡಿದ. 45ರಿಂದ 50 ಕಿಲೋಪಾಸ್ಕಲ್ ಇರಬೇಕಾದ ಎಳೆತ ಅದಕ್ಕಿಂತ ಬಹಳ ಮೇಲಿತ್ತು, ರೆಗ್ಯುಲೇಟರಿನಲ್ಲಿ ಧೂಳು ಕೂತಿತ್ತು. ಗಡಿಯಾರ ಹಿಡಿದು ಲೈನರ್ ಹಿಂಡಿ ಬಿಡುವ ಬಡಿತ ನಿಮಿಷಕ್ಕೆ 60 ಇದೆಯಾ ಎಣಿಸಿದ. ಆಮೇಲೆ ನನ್ನನ್ನು ಬಿಟ್ಟು ಅವಳಿಗೆ ಹೇಳಿಕೊಟ್ಟ: "ಅಕ್ಕಾರ, ಮೊದಲ ನಾಕು ಹಿಂಡು ಕೈಯಿಂದ ತಗೀರಿ, ಹಾಲಿನಾಗ ಗಡ್ಡಿ ಬರ್ತದೇನು ನೋಡ್ರಿ. ಕೆಚ್ಚಲ ಒರಸಿ, ಸೊರೆ ಬಿಟ್ಟು ಹಾಲು ಇಳದ ಮ್ಯಾಲ ಹಚ್ಚರಿ. ಹಾಲು ನಿಂತ ಕೂಡಲೇ ತಗೀರಿ, ಖಾಲಿ ಎಳೀಲಿಕ್ಕೆ ಬಿಡಬ್ಯಾಡ್ರಿ."

ಲೈನರ್ ಲೆಕ್ಕವನ್ನೂ ಅವನೇ ಹೇಳಿದ್ದು. ರಬ್ಬರಿನ ಲೈನರ್ ಸುಮಾರು 2,500 ಸಲ ಕರೆಯುವವರೆಗೆ ಬಾಳುತ್ತದೆ. ನಮ್ಮಲ್ಲಿ ಮಷೀನ್ ಹಚ್ಚುವುದು ನಾಲ್ಕಕ್ಕೆ, ದಿನಕ್ಕೆ ಎಂಟು ಸಲ, ಅಂದರೆ ಹತ್ತು ತಿಂಗಳು. ಕರಾರುವಾಕ್ಕಾಗಿ ಅಷ್ಟೇ ಬಾಳಿತ್ತು! ಉಪ್ಪಿಟ್ಟು ತಿಂದ ಹಾಲ್‌ನಲ್ಲಿ ಈ ಒಂದು ಸಾಲು ಹೇಳಿದ್ದರೆ ನನ್ನ ಆಕಳಿನ ಮೊಲೆ ಉಳಿಯುತ್ತಿತ್ತು. ಈಗ ಅದು ಮೂರೇ ಮೊಲೆಯಲ್ಲಿ ಹಾಲು ಕೊಡುತ್ತದೆ.

ಆ ಹುಡುಗ ಸುಮ್ನೆ ಪುಣ್ಯಕ್ಕೆ ಬಂದನಾ ಅಂದರೆ ಇಲ್ಲ. ಲೈನರ್ ಸೆಟ್‌ಗೆ 1,100 ತಗೊಂಡ. ಮಷೀನ್ ನಡೆಯುತ್ತಿದ್ದರೆ ಹತ್ತು ತಿಂಗಳಿಗೊಮ್ಮೆ ಅವನ ಅಂಗಡಿಗೆ ಲೈನರ್, ಎಣ್ಣೆ, ತೊಳೆಯುವ ಪೌಡರ್ ವ್ಯಾಪಾರ ಇದೆ. ಸಬ್ಸಿಡಿ ಮಷೀನ್ ಕೊಟ್ಟವರಿಗೆ ನಾನು ಸಹಿ ಹಾಕಿದ ದಿನವೇ ಲೆಕ್ಕ ಮುಗಿದಿತ್ತು, ಅದು ನಡೆದರೇನು ನಿಂತರೇನು. ನಾನೇನು ಸಬ್ಸಿಡಿ ಬೇಡ ಅನ್ನುತ್ತಿಲ್ಲ, ಅದಿಲ್ಲದಿದ್ದರೆ ನಾನು ಮಷೀನ್ ತಗೊಳ್ಳುತ್ತಲೇ ಇರಲಿಲ್ಲ. ಡೇರಿಯವರು ದುಡ್ಡು ಕೊಟ್ಟು, ಬಿಲ್ಲಿನಲ್ಲಿ ಕಂತು ಕಡಿದುಕೊಂಡು, ಮಷೀನನ್ನು ಮಾತ್ರ ಪ್ಯಾಟೆಯ ಅಂಗಡಿಯಿಂದಲೇ ಕೊಡಿಸಿ, ಅರ್ಧ ದುಡ್ಡು ಆರು ತಿಂಗಳು ನಡೆದ ಮೇಲೆ ಅಂಗಡಿಗೆ ಕೊಟ್ಟರೆ ಹೇಗೆ ಅಂತ ಸಂಘದ ಮೀಟಿಂಗಿನಲ್ಲಿ ಕೇಳಿದೆ. "ನೋಡೋಣ" ಅಂದರು.

ನಮ್ಮ ಜೊತೆ ಬಂದ ಐದರಲ್ಲಿ ಎರಡರ ಮೇಲೆ ಹಿಂಡಿ ಚೀಲ ಪೇರಿಸಿದ್ದರು. ಹೋದ ತಿಂಗಳು ಅದೇ ಹುಡುಗ ಒಂದನ್ನು ಚೀಲದ ಕೆಳಗಿನಿಂದ ತೆಗೆದು, ಬೆಲ್ಟ್ ಮತ್ತು ಲೈನರ್ ಹಾಕಿ ನಡೆಸಿಕೊಟ್ಟ. ಇನ್ನೊಂದರ ಮಾಲೀಕರು ಚೀಲ ಇಳಿಸಲು ಮನಸ್ಸು ಮಾಡಿಲ್ಲ. ನಮ್ಮಲ್ಲೂ ಸಣ್ಣ ಎಮ್ಮೆ ಮಷೀನಿನ ಸದ್ದು ಕೇಳಿದರೆ ಇವತ್ತಿಗೂ ಸೊರೆ ಬಿಡುವುದಿಲ್ಲ, ಅದನ್ನು ಅವಳು ಕೈಯಲ್ಲೇ ಕರೆಯುತ್ತಾಳೆ.