ಮಂಡಿಗೆ ಪೆಟ್ಟಾದವರಿಗೆ ಮಿನಿ ಪೆಡಲ್ ಸೈಕಲ್: ಕೊಳ್ಳಬಹುದೇ?

ಕುರ್ಚಿಯ ಮುಂದಿಟ್ಟುಕೊಂಡು ಕೂತಲ್ಲೇ ತುಳಿಯುವ ಪುಟ್ಟ ಪೆಡಲ್ ಸೈಕಲ್ ಆನ್‌ಲೈನ್‌ನಲ್ಲಿ ಎರಡು ಸಾವಿರದ ಆಸುಪಾಸಿಗೆ ಸಿಗುತ್ತದೆ. ಮಂಡಿಗೆ ಪೆಟ್ಟಾದ ಮೊದಲ ಕೆಲವು ವಾರಗಳಿಗೆ ಇದು ಕೊಟ್ಟ ಕಾಸಿಗೆ ಮೋಸವಿಲ್ಲದ ಸಾಮಾನು. ಆದರೆ ಬಿಗಿದುಕೊಂಡ ಮಂಡಿಯನ್ನು ಸಡಿಲ ಮಾಡುವುದಷ್ಟೇ ಇದರ ಕೆಲಸ. ತೊಡೆಗೆ ಬಲ ಬರಲಿ ಅಂತ ಕೊಂಡರೆ ನಿರಾಸೆ ಖಂಡಿತ.

ನಡೆಯುವಾಗ ಮಂಡಿಯ ಮೇಲೆ ಮೈತೂಕದ ಎರಡು ಪಟ್ಟಿಗೂ ಮೀರಿ ಭಾರ ಬೀಳುತ್ತದೆ. ಕೂತು ಹಗುರವಾಗಿ ತುಳಿದರೆ ಅದರ ಅರ್ಧವೂ ಇಲ್ಲ. ಎಕ್ಸರ್ಸೈಸ್ ಬೈಕ್‌ನಲ್ಲಿ ಪೂರ್ತಿ ಸುತ್ತು ಹಾಕಲು ಮಂಡಿ ಸುಮಾರು 105–110 ಡಿಗ್ರಿ ಮಡಚಬೇಕು. ಈ ಪುಟ್ಟ ಸೈಕಲ್ಲಿನ ಕ್ರ್ಯಾಂಕ್ (ಪೆಡಲ್ ಸಿಕ್ಕಿಸುವ ತೋಳು) ಗಿಡ್ಡ, ಸುತ್ತು ಚಿಕ್ಕದು, ಹಾಗಾಗಿ ಅಷ್ಟು ಮಡಚಲಾಗದವರಿಗೂ ತಿರುಗುತ್ತದೆ.

ಮೊದಲ ಎಡವಟ್ಟು ಜೋಡಿಸುವಾಗಲೇ ಆಗುತ್ತದೆ. ಎಡ ಪೆಡಲ್‌ನ ಥ್ರೆಡ್ ಉಲ್ಟಾ. ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಬಿಗಿಯಬೇಕು. ಎಲ್, ಆರ್ ಗುರುತು ನೋಡದೆ ಸ್ಪ್ಯಾನರ್‌ನಿಂದ ಒತ್ತಾಯ ಮಾಡಿದರೆ ಥ್ರೆಡ್ ಹಾಳಾಗಿ ಸುತ್ತು ಸುತ್ತಿಗೂ ಟಕ್ ಟಕ್ ಅನ್ನುತ್ತದೆ.

ದೊಡ್ಡ ದೋಷ ತುಳಿತವನ್ನು ಬಿಗಿ ಮಾಡುವ ಮಧ್ಯದ ನಾಬ್‌ನದು. ಅದು ತಿರುಗುವ ಶಾಫ್ಟನ್ನು ಒತ್ತಿ ಹಿಡಿಯುತ್ತದೆ, ಅಷ್ಟೇ. ಸುತ್ತನ್ನು ಒಂದೇ ಸಮ ಇಡುವ ಭಾರದ ಚಕ್ರ ಒಳಗೆ ಇಲ್ಲ. ಬಿಗಿ ಮಾಡಿದರೆ ಪೆಡಲ್ ಮೇಲ್ತುದಿಯಲ್ಲಿ ಒಂದು ಕ್ಷಣ ತಡೆದು, ಆಮೇಲೆ ಜಗ್ಗಿದಂತೆ ಕೆಳಗೆ ಜಾರುತ್ತದೆ. ಆಗ ಮಂಡಿ ಅತಿ ಹೆಚ್ಚು ಮಡಚಿರುತ್ತದೆ, ಆ ಜಗ್ಗುವಿಕೆ ನೇರ ಮಂಡಿಚಿಪ್ಪಿನ ಹಿಂದೆ ತಾಗುತ್ತದೆ. ಹತ್ತು ನಿಮಿಷ ಹೀಗೇ ತುಳಿದರೆ ನಾಬ್ ಬುಡ ಬಿಸಿಯಾಗುತ್ತದೆ. ಆದ್ದರಿಂದ ನಾಬ್ ಪೂರ್ತಿ ಸಡಿಲವೇ ಇರಲಿ.

ನುಣುಪು ಟೈಲ್ಸ್ ಮೇಲೆ ಸೈಕಲ್ ಮುಂದಕ್ಕೂ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೂ ಜಾರುತ್ತವೆ. ಯೋಗ ಮ್ಯಾಟ್ ಹಾಸಿ, ಸೈಕಲ್ಲನ್ನು ಒಂದು ಗೋಡೆಗೆ ಆನಿಸಿ, ಮರದ ಭಾರದ ಕುರ್ಚಿ ಬಳಸಿ. ಸೋಫಾ ಬೇಡ, ಅದು ತಗ್ಗು. ಕೂತ ಜಾಗ ತಗ್ಗಿದಷ್ಟೂ ಮಂಡಿ ಹೆಚ್ಚು ಮಡಚುತ್ತದೆ. ಸಾಲದಿದ್ದರೆ ಗಟ್ಟಿ ದಿಂಬು ಹಾಕಿಕೊಳ್ಳಿ. ಪೆಡಲ್ ಅತಿ ದೂರ ಹೋದಾಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು, ಪೂರ್ತಿ ನೆಟ್ಟಗಾಗಬಾರದು.

ಎರಡೂ ಪಾದಕ್ಕೆ ಪೆಡಲ್ಲಿನ ಪಟ್ಟಿ ಕಟ್ಟಿದರೆ ಸರಿ ಇರುವ ಕಾಲೇ ಪೆಟ್ಟಾದ ಕಾಲನ್ನು ಎಳೆದುಕೊಂಡು ಹೋಗುತ್ತದೆ. ಮೊದಲ ವಾರಕ್ಕೆ ಬೇಕಾದದ್ದು ಇದೇ. ಪೂರ್ತಿ ಸುತ್ತು ಬಾರದಿದ್ದರೆ ಅರ್ಧ ಸುತ್ತು ಮುಂದೆ, ಅರ್ಧ ಹಿಂದೆ, ಜೋಕಾಲಿಯಂತೆ ಆಡಿಸಿ. ಐದು ನಿಮಿಷ, ದಿನಕ್ಕೆ ಎರಡು ಸಲ ಸಾಕು. ಮಾರನೇ ಬೆಳಿಗ್ಗೆ ಮಂಡಿ ಊದಿಲ್ಲ ಅಂದರೆ ಎರಡು ನಿಮಿಷ ಏರಿಸಿ; ಊದಿದ್ದರೆ ಹಿಂದಿನ ಲೆಕ್ಕಕ್ಕೆ ಇಳಿಯಿರಿ. ಡಿಸ್‌ಪ್ಲೇ ತೋರಿಸುವ ಕ್ಯಾಲೊರಿ ನಂಬಬೇಡಿ, ನಾಬ್ ಎಷ್ಟು ಬಿಗಿಯಿದೆ ಅಂತಲೇ ಅದಕ್ಕೆ ಗೊತ್ತಿಲ್ಲ.

ತೊಡೆಯ ಬಲಕ್ಕೆ ಬೇಕಾದದ್ದು ಒಂದು ಟವೆಲ್. ಕಾಲು ಚಾಚಿ ಕೂತು, ಅದನ್ನು ಸುತ್ತಿ ಮಂಡಿ ಕೆಳಗಿಟ್ಟು, ಮಂಡಿಯಿಂದ ಐದು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಹೀಗೆ ಹತ್ತು ಸಲ.

ಆಪರೇಷನ್ ಆದವರು, ಲಿಗಮೆಂಟ್ (ಮೂಳೆಗಳನ್ನು ಒಂದಕ್ಕೊಂದು ಕಟ್ಟುವ ನಾರು) ಹರಿದವರು ಡಾಕ್ಟರ್ ಅಥವಾ ಫಿಸಿಯೊ ಹೇಳುವ ತನಕ ಇದನ್ನು ಮುಟ್ಟಬಾರದು. ಮಂಡಿ ಸಿಕ್ಕಿಕೊಂಡಂತಾದರೆ ನಿಲ್ಲಿಸಿ ತೋರಿಸಿ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು.

ಹದಿನೈದು ನಿಮಿಷ ನೋವಿಲ್ಲದೆ ತುಳಿಯುವಂತಾದವರು ಇದಕ್ಕೆ ದುಡ್ಡು ಹಾಕಬೇಡಿ. ಅಯಸ್ಕಾಂತದಿಂದ ಬಿಗಿ ಕೊಡುವ ಮ್ಯಾಗ್ನೆಟಿಕ್ ಎಕ್ಸರ್ಸೈಸ್ ಬೈಕ್ ನೋಡಿ. ಅದರ ಭಾರದ ಚಕ್ರ ಕಾಲನ್ನು ಜಗ್ಗದೆ ಒಂದೇ ಸಮ ತಿರುಗಿಸುತ್ತದೆ.